ಒಂದು ಗಂಟೆಯ ಫೋಟೊ

ನನ್ನ ಸೊಂಟದ ಗೊಂಚಲಿನಲ್ಲಿ ಏಳು ಬೀಗದ ಕೈಗಳಿದ್ದವು. ಒಂದೂ ನಮ್ಮ ಮನೆಯದಲ್ಲ. ನಮ್ಮ ಮನೆಗೆ ಬೀಗವೇ ಬೇಕಿಲ್ಲ. ಮೂವತ್ತು ವರ್ಷ ಬಸ್ ಓಡಿಸಿ ನಿವೃತ್ತರಾದ ನಮ್ಮ ಯಜಮಾನರು ಬೆಳಗಿನಿಂದ ಸಂಜೆಯವರೆಗೆ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ, ಇನ್ನೂ ಸ್ಟೇರಿಂಗ್ ಮುಂದೆ ಕೂತ ಹಾಗೆ. ಯಾರಾದರೂ ಒಳಗೆ ಬಂದರೆ ‘ಮುಂದೆ ಹೋಗಿ, ಮುಂದೆ ಹೋಗಿ, ಒಳಗೆ ಜಾಗ ಇದೆ’ ಅನ್ನುತ್ತಾರೆ.

ಆ ಏಳು ಮನೆಯವರು ಬೆಳಗ್ಗೆ ಎಂಟಕ್ಕೆ ಕೆಲಸಕ್ಕೆ ಹೋದರೆ ಬರುವುದು ಸಂಜೆ ಆರಕ್ಕೆ. ಅಷ್ಟೂ ಹೊತ್ತು ಮನೆಯಲ್ಲಿರುವುದು ನಾಯಿ ಒಂದೇ. ಮಧ್ಯಾಹ್ನ ಒಂದು ಸಲ ಹೋಗಿ ನೀರು ಬದಲಿಸಬೇಕು, ಕೆಳಗೆ ಕರೆದುಕೊಂಡು ಹೋಗಿ ಒಂದಕ್ಕೆ ಎರಡಕ್ಕೆ ಮಾಡಿಸಬೇಕು, ನಾಲ್ಕು ಮಾತಾಡಿಸಬೇಕು, ಒಂದು ಫೋಟೊ ತೆಗೆದು ಮನೆಯವರ ಫೋನಿಗೆ ಕಳಿಸಿ ಬಾಗಿಲು ಹಾಕಿಕೊಂಡು ಬರಬೇಕು. ಅದು ನನ್ನ ಕೆಲಸ. ಅದಕ್ಕೂ ಮುಂಚೆ ಹತ್ತೊಂಬತ್ತು ವರ್ಷ ಲಾಂಡ್ರಿಯಲ್ಲಿದ್ದೆ. ಲಾಂಡ್ರಿ ಮುಚ್ಚಿತು, ಅಲ್ಲಿಯ ಅಭ್ಯಾಸ ಹೋಗಲಿಲ್ಲ. ಗಿರಾಕಿಗಳ ಬಟ್ಟೆಗೆ ಗುರುತು ಹೊಲಿಯುವ ಹಾಗೆ ಒಂದೊಂದು ಬೀಗದ ಕೈಗೂ ಬಟ್ಟೆ ಚೂರು ಹೊಲಿದು ಅದರ ಮೇಲೆ ಆ ಮನೆಯ ನಾಯಿಯ ಹೆಸರು ಬರೆದಿದ್ದೆ. ಮನುಷ್ಯರ ಹೆಸರು ನನ್ನ ತಲೆಯಲ್ಲಿ ನಿಲ್ಲುವುದಿಲ್ಲ. ಅವರಿಗೂ ನನ್ನ ಹೆಸರು ಬೇಕಿರಲಿಲ್ಲ. ಎಲ್ಲರ ಬಾಯಲ್ಲೂ ನಾನು ‘ಬೀಗದಕೈ ಅಕ್ಕ’.

ಏಳರಲ್ಲಿ ಒಂದು ಮೇಷ್ಟ್ರದ್ದು. ಮೇಷ್ಟ್ರು ಅಂದರೆ ನಾಯಿಯೇ. ಕಪ್ಪು ಮೈ, ಬೆಳ್ಳಗಾದ ಹುಬ್ಬು. ಯಾರಾದರೂ ಒಳಗೆ ಬಂದರೆ ಕನ್ನಡಕದ ಮೇಲಿಂದ ನೋಡಿದ ಹಾಗೆ ನೋಡುತ್ತಿದ್ದರು, ‘ಹೋಮ್‌ವರ್ಕ್ ಎಲ್ಲಿ’ ಅಂತ. ನಾನಂತೂ ಆ ಮುಖಕ್ಕೆ ಬಹುವಚನ ಬಿಟ್ಟು ಮಾತಾಡಿಸಿದವಳೇ ಅಲ್ಲ. ಹದಿಮೂರು ವರ್ಷ ವಯಸ್ಸು. ಗಂಟಲು ಕಟ್ಟಿಹೋಗಿ ಬೊಗಳಿದರೆ ಕೆಮ್ಮಿದ ಹಾಗೆ ಕೇಳಿಸುತ್ತಿತ್ತು. ಬೆಳಗಿನ ಹೊತ್ತೆಲ್ಲ ಮಂಚದ ಕೆಳಗೆ ನಿದ್ದೆ. ಮಧ್ಯಾಹ್ನ ನನ್ನ ಬೀಗದ ಕೈ ಸದ್ದಾದ ಮೇಲೆಯೇ ಅವರ ದಿನ ಶುರು.

ಅವರಿದ್ದದ್ದು ಏಳನೇ ಮಹಡಿಯ ಎರಡು ಕೋಣೆಯ ಮನೆಯಲ್ಲಿ. ಮನೆಯೊಡತಿ ರಕ್ತ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸಕ್ಕಿದ್ದವರು, ಅದಕ್ಕೆ ನನಗೆ ಅವರು ಲ್ಯಾಬ್ ಮೇಡಂ. ಮದುವೆ ಮುರಿದು ಬಂದಾಗ ಅವರು ಜೊತೆಗೆ ತಂದದ್ದು ಒಂದು ಸೂಟ್‌ಕೇಸು ಮತ್ತು ಮೇಷ್ಟ್ರು. ಆಮೇಲೆ ಬಂದು ಸೇರಿದ್ದು ತಮ್ಮ.

ತಮ್ಮನದು ದೊಡ್ಡ ಕಥೆ, ಚಿಕ್ಕದು ಮಾಡಿ ಹೇಳುತ್ತೇನೆ. ಕುಡಿತ. ಕೆಲಸ ಹೋಯಿತು, ಹೆಂಡತಿ ತವರಿಗೆ ಹೋದಳು. ಒಂದು ಸಲ ಅಕ್ಕನ ಮನೆಯಲ್ಲೇ ಗ್ಯಾಸ್ ಹಚ್ಚಿಟ್ಟು ಮಲಗಿದ್ದನಂತೆ, ಪಾತ್ರೆ ಸುಟ್ಟು ಗೋಡೆ ಕಪ್ಪಾಗಿತ್ತು. ಬೆಳಗ್ಗೆ ಕೇಳಿದರೆ, ‘ನಾನು ಅಡುಗೆಮನೆಗೇ ಹೋಗಿಲ್ವಲ್ಲಾ’ ಅಂದನಂತೆ. ಸುಳ್ಳಲ್ಲ, ನಿಜವಾಗಿಯೂ ಅವನಿಗೆ ನೆನಪಿರಲಿಲ್ಲ. ಆಮೇಲೆ ಆಸ್ಪತ್ರೆ, ಗುಳಿಗೆ, ಬೆಳಗಿನ ಪೇಪರ್ ಹಂಚುವ ಕೆಲಸ, ಮಧ್ಯಾಹ್ನ ಎರಡೂವರೆಯಿಂದ ಪೆಟ್ರೋಲ್ ಬಂಕ್. ಕುಡಿತ ಬಿಟ್ಟು ಹತ್ತು ತಿಂಗಳಾಗಿತ್ತು. ನಾಲ್ಕು ತಿಂಗಳ ಹಿಂದೆ ಮೇಡಂ ಅವನ ಕೈಗೆ ಮನೆಯ ಬೀಗದ ಕೈ ಕೊಟ್ಟರು. ನಾನು ಅಲ್ಲೇ ಇದ್ದೆ, ಭಾನುವಾರ. ಕೊಡುವಾಗ ಹೇಳಿದ್ದು ನನ್ನೆದುರಿಗೇ:

“ಇನ್ನೊಂದು ಸಲ ನಿನ್ನಿಂದ ಏನಾದ್ರೂ ಆಯ್ತು ಅಂದ್ರೆ, ಬ್ಯಾಗು ನಾನೇ ತುಂಬಿ ಹೊರಗಿಡ್ತೀನಿ. ಆಮೇಲೆ ನೀನು ಯಾರೋ, ನಾನು ಯಾರೋ.”

“ಬ್ಯಾಗಿಗೆ ತುಂಬೋಕೆ ನನ್ಹತ್ರ ಏನಿದೆ ಅಕ್ಕಾ, ಎರಡು ಪ್ಯಾಂಟು” ಅಂದ ಅವನು, ನಗುತ್ತ. ಆದರೆ ಆ ಬೀಗದ ಕೈಯನ್ನು ಶೂ ಲೇಸಿನಲ್ಲಿ ಪೋಣಿಸಿ ಕೊರಳಿಗೆ ಹಾಕಿಕೊಂಡ. ನನ್ನನ್ನು ಕಂಡಾಗಲೆಲ್ಲ ಎತ್ತಿ ತೋರಿಸುತ್ತಿದ್ದ. “ಬೀಗದಕೈ ಅಕ್ಕಾವ್ರೇ, ನಿಮ್ಹತ್ರ ಏಳಿದೆ, ನನ್ಹತ್ರ ಒಂದು. ತೂಕಕ್ಕೆ ಹಾಕಿ ನೋಡೋಣ, ಯಾವುದು ಜಾಸ್ತಿ ಬರುತ್ತೆ?”

ಈಗ ಫೋಟೊ ವಿಷಯಕ್ಕೆ ಬರುತ್ತೇನೆ. ಬಂದೇ ಬರಬೇಕು.

ಮಧ್ಯಾಹ್ನದ ಫೋಟೊ ಅಂದರೆ ನಮ್ಮ ಕೆಲಸದಲ್ಲಿ ಸಹಿ ಹಾಕಿದ ಹಾಗೆ. ಫೋಟೊ ಬಂತು ಅಂದರೆ ಅಕ್ಕ ಬಂದಳು, ನಾಯಿ ಚೆನ್ನಾಗಿದೆ ಅಂತ. ಎರಡು ವರ್ಷದ ಹಿಂದೆ ಒಂದು ದಿನ ಜ್ವರ ಬಂದು ಏಳಲಾಗದೆ, ಒಂದು ಮನೆಗೆ ಹಿಂದಿನ ವಾರದ ಫೋಟೊ ಕಳಿಸಿದೆ. ‘ಅಯ್ಯೋ, ಎಷ್ಟು ಮುದ್ದಾಗಿ ಕೂತಿದಾಳೆ’ ಅಂತ ಉತ್ತರ ಬಂತು. ಯಾರಿಗೂ ಗೊತ್ತಾಗಲಿಲ್ಲ. ನಾಯಿ ಹೇಳುವುದಿಲ್ಲ.

ಅವತ್ತಿನಿಂದ ಒಂದು ಅಭ್ಯಾಸ ಬಿತ್ತು. ಹೋದ ದಿನ ಒಂದರ ಬದಲು ಮೂರು ನಾಲ್ಕು ಫೋಟೊ ತೆಗೆಯುವುದು. ಒಂದು ಚಾಪೆ ಮೇಲೆ, ಒಂದು ಪರದೆ ಸರಿಸಿ, ಒಂದು ಚೆಂಡು ಪಕ್ಕದಲ್ಲಿಟ್ಟು. ಮೋಡದ ದಿನದ್ದು ಬೇರೆ, ಬಿಸಿಲಿನ ದಿನದ್ದು ಬೇರೆ. ಮೋಡದ ದಿನ ಬಿಸಿಲಿನ ಫೋಟೊ ಕಳಿಸಿದರೆ ಸಿಕ್ಕಿಬೀಳುತ್ತೀವಲ್ಲ! ಫೋನಿನಲ್ಲಿ ಒಂದೊಂದು ನಾಯಿಗೂ ಒಂದೊಂದು ಕಪಾಟು. ನಮ್ಮ ಯಜಮಾನರು ನೋಡಿ, “ಲೇ, ಮನೆ ಸಾಮಾನಿಗಿಂತ ಅಚ್ಚುಕಟ್ಟಾಗಿ ಸುಳ್ಳು ಜೋಡಿಸಿಟ್ಟಿದೀಯಲ್ಲೇ” ಅಂದಿದ್ದರು. ನಾನು ನಕ್ಕಿದ್ದೆ. ಎರಡು ವರ್ಷದಲ್ಲಿ ಎಂಟೋ ಒಂಬತ್ತೋ ಸಲ. ಮಂಡಿ ತೀರಾ ಹಿಡಿದುಕೊಂಡ ದಿನ ಮಾತ್ರ. ಮಾರನೆಯ ದಿನ ಆ ನಾಯಿಯನ್ನು ಇನ್ನೊಂದು ಸುತ್ತು ಜಾಸ್ತಿ ತಿರುಗಿಸಿ ಸರಿಮಾಡುತ್ತಿದ್ದೆ. ಹಾಗೆ ಸರಿಹೋಗುತ್ತದೆ ಅಂತ ನಂಬಿದ್ದೆ.

ಅವತ್ತು ಗುರುವಾರ. ಬೇಸಿಗೆ. ಬೆಳಗ್ಗೆ ಒಂಬತ್ತಕ್ಕೇ ರಸ್ತೆಯ ಡಾಂಬರು ಚಪ್ಪಲಿಗೆ ಅಂಟುತ್ತಿತ್ತು. ನಾಲ್ಕು ಮನೆ ಮುಗಿಸಿ ಮೇಷ್ಟ್ರ ಕಟ್ಟಡಕ್ಕೆ ಬಂದರೆ ಲಿಫ್ಟಿನ ಬಾಗಿಲಿಗೆ ರಟ್ಟು ನೇತುಹಾಕಿದ್ದರು, ‘ಕೆಟ್ಟಿದೆ’. ಎರಡು ಮಹಡಿ ಹತ್ತಿದೆ. ಮಂಡಿಯೊಳಗೆ ಯಾರೋ ಜಲ್ಲಿ ತುಂಬಿ ಅರೆದ ಹಾಗಾಯಿತು. ಮೆಟ್ಟಿಲ ಮೇಲೆ ಕೂತೆ. ಇನ್ನೂ ಐದು ಮಹಡಿ. ಆಮೇಲೆ ಮೇಷ್ಟ್ರನ್ನು ಇಳಿಸಬೇಕು, ಮತ್ತೆ ಹತ್ತಿಸಬೇಕು, ಅವರಿಗೂ ನನ್ನ ಹಾಗೇ ಕಾಲುನೋವು. ‘ಬೆಳಗ್ಗೆ ಮೇಡಂ ನೀರು ಇಟ್ಟೇ ಇರ್ತಾರೆ’ ಅಂದುಕೊಂಡೆ. ‘ನಾಳೆ ಅರ್ಧ ಗಂಟೆ ಜಾಸ್ತಿ’ ಅಂದುಕೊಂಡೆ. ಅಲ್ಲೇ ಕೂತು ಫೋನ್ ತೆಗೆದು, ಬಿಸಿಲಿನ ದಿನದ್ದೊಂದು ಆರಿಸಿ ಕಳಿಸಿದೆ. ಮೂರು ವಾರ ಹಳೆಯದು. ಹಾಲ್‌ನಲ್ಲಿ ಚಾಪೆ ಮೇಲೆ ಕೂತು, ಬಾಯಿ ತೆರೆದು ನಗುತ್ತಿದ್ದಾರೆ ಮೇಷ್ಟ್ರು. ಸಮಯ ಒಂದು ಹತ್ತು. ಎರಡೇ ನಿಮಿಷದಲ್ಲಿ ಮೇಡಂ ಉತ್ತರ ಬಂತು: ‘ಏನ್ ನಗ್ತಾನೆ ನೋಡಿ ಕಳ್ಳ.’

ಸಂಜೆ ಆರೂ ಕಾಲಿಗೆ ಮೇಡಂ ಫೋನ್ ಮಾಡಿದರು. “ಅಕ್ಕಾ, ಬನ್ನಿ” ಅಂದರು, ಅಷ್ಟೇ.

ಅಷ್ಟು ಹೊತ್ತಿಗೆ ಲಿಫ್ಟು ಸರಿಯಾಗಿತ್ತು. ಹಾಳಾದ್ದು.

ಅವರ ಅಡುಗೆಮನೆಯ ಹಿಂದೆ ಬಟ್ಟೆ ಒಣಹಾಕಲು ಒಂದು ಪುಟ್ಟ ಬಾಲ್ಕನಿ. ಮೂರು ಕಡೆಯೂ ಗಾಜು. ಧೂಳು ಬರುತ್ತದೆ ಅಂತ ಕಿಟಕಿ ತೆರೆಯುತ್ತಲೇ ಇರಲಿಲ್ಲ. ಬೆಳಗ್ಗೆ ಎಂಟೂವರೆಯಿಂದ ಮೂರರವರೆಗೆ ಬಿಸಿಲೆಲ್ಲ ಅದರೊಳಗೇ. ಅಡುಗೆಮನೆ ಕಡೆಯ ಬಾಗಿಲಿಗೆ ಸ್ಪ್ರಿಂಗು, ಬಿಟ್ಟರೆ ತಾನೇ ಹಾಕಿಕೊಳ್ಳುತ್ತದೆ. ಹಿಡಿಕೆ ತಿರುಗಿಸದೆ ತೆರೆಯುವುದಿಲ್ಲ. ಮೇಷ್ಟ್ರು ಆ ಗಾಜಿನ ಪೆಟ್ಟಿಗೆಯೊಳಗೆ, ದಾರದಿಂದ ಎಳೆದುಕೊಂಡ ಹಾಸುಬಟ್ಟೆಯ ಮೇಲೆ ಮಲಗಿದ್ದರು. ಬಾಗಿಲ ಕೆಳಭಾಗದಲ್ಲಿ ಉಗುರಿನ ಗೀರು. ಬಣ್ಣ ಎದ್ದು ಮರ ಕಾಣುತ್ತಿತ್ತು. ನಾನು ಮುಟ್ಟಿದೆ. ಅಷ್ಟು ಹೊತ್ತಾದರೂ ಮೈ ಇನ್ನೂ ಬೆಚ್ಚಗಿತ್ತು, ಜೀವದ ಬಿಸಿ ಅಲ್ಲ ಅದು, ಬಿಸಿಲಿನದು.

ತಮ್ಮ ಬಂಕಿನ ಸಮವಸ್ತ್ರದಲ್ಲೇ ಓಡಿ ಬಂದಿದ್ದ. ಮೇಡಂ ಎದ್ದು ನಿಂತು ಫೋನನ್ನು ಅವನ ಮುಖಕ್ಕೆ ಹಿಡಿದರು.

“ನೋಡು. ಒಂದು ಹತ್ತು. ನಗ್ತಾ ಕೂತಿದಾನೆ. ಆಮೇಲೆ ಈ ಮನೆಗೆ ಬಂದೋರು ಯಾರು?”

“ನಾನೇ ಬಂದೆ ಅಕ್ಕಾ. ಎರಡು ಗಂಟೆಗೆ. ಲಿಫ್ಟ್ ಕೆಟ್ಟಿತ್ತು, ಹತ್ತಿ ಬರೋದ್ರಲ್ಲೇ ಲೇಟಾಯ್ತು. ಬಟ್ಟೆ ಹಾಕ್ಕೊಂಡು ಓಡ್ದೆ. ‘ಮೇಷ್ಟ್ರೇ’ ಅಂತ ಕೂಗ್ದೆ. ಬರ್ಲಿಲ್ಲ. ಬೀಗದಕೈ ಅಕ್ಕ ಕೆಳಗೆ ಕರ್ಕೊಂಡು ಹೋಗಿದಾರೆ ಅನ್ಕೊಂಡೆ.”

“ಬೆಲ್ಟು ಗೂಟದಲ್ಲೇ ನೇತಾಡ್ತಿತ್ತಲ್ಲ! ಬೆಲ್ಟಿಲ್ದೆ ಕರ್ಕೊಂಡು ಹೋಗ್ತಾರಾ?”

“ನೋಡ್ಲಿಲ್ಲ ಅಕ್ಕಾ.”

“ಬಾಲ್ಕನಿಗೆ ಸಿಗರೇಟ್ ಸೇದೋಕೆ ಹೋಗಿದ್ದೆ.”

“ಇಲ್ಲ. ಇವತ್ತು ಹೋಗ್ಲಿಲ್ಲ. ಟೈಮೇ ಇರ್ಲಿಲ್ಲ.”

ಮೇಡಂ ಬಾಲ್ಕನಿಯ ಮೂಲೆಯಲ್ಲಿದ್ದ ಡಬ್ಬಿ ತಂದು ನೆಲಕ್ಕೆ ಬಗ್ಗಿಸಿದರು. ಐದಾರು ತುಂಡು ಬಿದ್ದವು. “ಇವು ಯಾರ್ದು? ಮೇಷ್ಟ್ರು ಸೇದಿದ್ದಾ?”

ಬೇರೆ ದಿನವಾಗಿದ್ದರೆ ಮೂವರೂ ನಕ್ಕಿರುತ್ತಿದ್ದೆವು.

“ಅದು ನಿನ್ನೇದು... ಮೊನ್ನೇದು...” ಅಂದ ಅವನು. ಆಮೇಲೆ ನನ್ನ ಕಡೆ ತಿರುಗಿದ. ಅವನ ಕಣ್ಣಲ್ಲಿ ಅನುಮಾನದ ಎಳೆಯೂ ಇರಲಿಲ್ಲ, ಅದೇ ನನ್ನನ್ನು ಕೊಂದದ್ದು. “ಪಾಪ, ನೀವೂ ಹತ್ತಿ ಬಂದ್ರಲ್ಲ ಅಕ್ಕಾವ್ರೇ, ಆ ಮಂಡಿ ಇಟ್ಕೊಂಡು. ನೀವು ಬಂದಾಗ ಬಾಲ್ಕನಿ ಬಾಗಿಲು ಹಾಕಿತ್ತಾ?”

ಮೇಡಂ ಕೂಡ ನನ್ನನ್ನೇ ನೋಡಿದರು. “ಹೇಳಿ ಅಕ್ಕಾ. ಒಂದು ಗಂಟೆಗೆ ಬಂದಿದ್ರಿ ತಾನೇ?”

ಸೊಂಟದಲ್ಲಿ ಏಳು ಬೀಗದ ಕೈ. ಒಂದು ಮನೆಯವರಿಗೆ ಗೊತ್ತಾದರೆ ಏಳು ಮನೆಗೂ ಗೊತ್ತಾಗುತ್ತದೆ. ಅಷ್ಟೆಲ್ಲ ಯೋಚನೆ ಮಾಡಿ ಹೇಳಿದೆನೋ, ಮಾಡದೆ ಹೇಳಿದೆನೋ, ಈಗಲೂ ತಿಳಿಯದು.

“ಹೂಂ” ಅಂದೆ. “ಹಾಕಿತ್ತು.”

ತಮ್ಮ ತಲೆ ತಗ್ಗಿಸಿದ. ಬಹಳ ಹೊತ್ತು ನೆಲದ ಮೇಲಿನ ಸಿಗರೇಟ್ ತುಂಡುಗಳನ್ನೇ ನೋಡಿದ. ಆಮೇಲೆ ತನಗೆ ತಾನೇ ಹೇಳಿಕೊಳ್ಳುವ ಹಾಗೆ, “ಹಾಗಾದ್ರೆ ಹೋಗಿದ್ನೇನೋ” ಅಂದ. “ಒಂದೇ ದಮ್ಮು ಎಳ್ಯೋಣ ಅಂತ... ಹಿಂದೇನೇ ಬಂದಿರ್ತಾರೆ. ನೋಡಿರಲ್ಲ ನಾನು.” ಗ್ಯಾಸಿನ ವಿಷಯದಲ್ಲಿ ‘ಹೋಗಿಲ್ಲ’ ಅಂದು ಸುಳ್ಳುಗಾರನಾದವನು. ತನ್ನ ನೆನಪಿಗಿಂತ ಬೇರೆಯವರ ಮಾತೇ ನಿಜ ಅಂತ ಕಲಿತುಕೊಂಡವನು. ಕೊರಳಿನ ಲೇಸನ್ನು ತಾನೇ ತೆಗೆದು ಗ್ಯಾಸ್ ಕಟ್ಟೆಯ ಮೇಲೆ ಇಟ್ಟ. ಮೇಡಂ ಬ್ಯಾಗು ತುಂಬಲಿಲ್ಲ, ಅವನೇ ತುಂಬಿಕೊಂಡ. ಎರಡು ಪ್ಯಾಂಟು ಅಂದಿದ್ದನಲ್ಲ, ಮೂರಿದ್ದವು.

ಮನೆಗೆ ಬಂದು ಯಜಮಾನರಿಗೆ ಎಲ್ಲ ಹೇಳಿದೆ. ಅವರು ಕುರ್ಚಿಯಿಂದ ಎದ್ದು ಬಾಗಿಲು ಹಾಕಿದರು. ನಮ್ಮ ಮನೆಯ ಬಾಗಿಲು ಮಲಗುವ ಹೊತ್ತಿಗೆ ಮುಂಚೆ ಹಾಕಿದ್ದು ಅದೇ ಮೊದಲು.

“ಬಾಯಿ ಮುಚ್ಕೊಂಡಿರು. ಹೋದ ನಾಯಿ ಬರಲ್ಲ.”

“ನಾಯಿ ಮಾತಲ್ಲ ರೀ. ಆ ಹುಡುಗನ್ನ ನಾನು ಬೀದಿಗೆ ಹಾಕಿದೆ.”

“ಅವನೇನು ಹುಡುಗನಾ? ಮೂವತ್ತೆಂಟು.”

“ನೀವು ಬಸ್ ಓಡಿಸುವಾಗ ನಿಮ್ಮಿಂದ ಆದದ್ದಕ್ಕೆ ಕಂಡಕ್ಟರ್ ಮೇಲೆ ಹೇಳಿದ್ರಾ ಯಾವತ್ತಾದ್ರೂ?”

ಅವರು ಹಾಕಿದ ಚಿಲಕವನ್ನು ಇನ್ನೊಮ್ಮೆ ಒತ್ತಿ ನೋಡಿದರು. “ಒಂದು ಸಲ” ಅಂದರು ಕೊನೆಗೆ. ಅದೇನು ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಶುಕ್ರವಾರ ಮೇಡಂ ಮತ್ತೆ ಕರೆದರು. ಮೇಷ್ಟ್ರನ್ನು ಆ ಹಾಸುಬಟ್ಟೆಯಲ್ಲೇ ಸುತ್ತಿ ಡಾಕ್ಟರ ಹತ್ತಿರ ಒಯ್ದಿದ್ದರು. ಅಲ್ಲಿಂದ ಮಣ್ಣು ಮಾಡಲು ಒಯ್ದವರು ಬಟ್ಟೆಯನ್ನು ವಾಪಸ್ ಕೊಟ್ಟಿದ್ದರು. “ನನ್ನಿಂದ ಒಗೆಯೋಕಾಗಲ್ಲ ಅಕ್ಕಾ. ಬಿಸಾಕೋಕೂ ಆಗಲ್ಲ. ನೀವು ಲಾಂಡ್ರಿಯಲ್ಲಿದ್ದೋರು, ನೀವೇ ಒಗೆದು ತಂದ್ಕೊಡಿ.”

ಮನೆಯ ಹಿತ್ತಿಲಲ್ಲಿ ಬಟ್ಟೆ ಬಿಡಿಸಿ ಜೋರಾಗಿ ಕೊಡವಿದೆ. ಕೂದಲು ಹಾರಲಿಲ್ಲ. ಇನ್ನೊಮ್ಮೆ ಕೊಡವಿದೆ. ಒಂದೂ ಹಾರಲಿಲ್ಲ. ಅಂಗೈಯಿಂದ ಉಜ್ಜಿದೆ, ಬರಲಿಲ್ಲ.

ಹತ್ತೊಂಬತ್ತು ವರ್ಷ ನಾಯಿ ಸಾಕಿದವರ ಬಟ್ಟೆ ಒಗೆದಿದ್ದೇನೆ. ಒಣಗಿದ ಬಟ್ಟೆಯ ಮೇಲೆ ನಾಯಿ ಮಲಗಿದರೆ ಕೂದಲು ಮೇಲ್ಮೇಲೆ ಕೂರುತ್ತದೆ, ಕೊಡವಿದರೆ ಹೋಯಿತು. ಒದ್ದೆ ಬಟ್ಟೆಯ ಮೇಲೆ ಮಲಗಿ, ಆ ಬಟ್ಟೆ ಅದರ ಮೈ ಕೆಳಗೇ ಒಣಗಿದರೆ, ಕೂದಲು ನೂಲಿನ ಸಂದಿಗೆ ಇಳಿದು ನೇಯ್ದ ಹಾಗೆ ಕೂತುಬಿಡುತ್ತದೆ. ಈ ಬಟ್ಟೆಯಲ್ಲಿ ಮೇಷ್ಟ್ರ ಬೆನ್ನು, ಮಡಚಿದ ಕಾಲು ಎಲ್ಲ ಅಚ್ಚು ಒತ್ತಿದ ಹಾಗೆ ಇತ್ತು. ಸುತ್ತಲಿನ ಸುಕ್ಕುಗಳು ಗಂಜಿ ಹಾಕಿದ ಹಾಗೆ ಗಟ್ಟಿಯಾಗಿದ್ದವು. ಅಂದರೆ ಬಟ್ಟೆ ಒದ್ದೆಯಾಗಿರುವಾಗಲೇ, ತಂಪಿಗೆ ಅಂತ ಅವರು ಅದನ್ನು ಎಳೆದುಕೊಂಡಿದ್ದರು. ಆ ಬಿಸಿಲಿನಲ್ಲಿ ದಾರದ ಮೇಲಿನ ಬಟ್ಟೆ ಹತ್ತು ಗಂಟೆಗೆಲ್ಲ ಕಾಗದದ ಹಾಗೆ ಒಣಗುತ್ತದೆ. ಅದಕ್ಕೂ ಮುಂಚೆಯೇ ಅವರು ಒಳಗೆ ಸಿಕ್ಕಿಕೊಂಡಿದ್ದರು.

ತಮ್ಮ ಬೆಳಗಿನ ಜಾವ ನಾಲ್ಕೂವರೆಗೇ ಪೇಪರ್ ಹಂಚಲು ಹೋದವನು. ಏಳೂ ಮುಕ್ಕಾಲಿಗೆ ಬಟ್ಟೆ ಒಣಹಾಕಿ ಬಾಗಿಲು ಬಿಟ್ಟವರು ಮೇಡಂ. ಹಿಂದೆಯೇ ಬಂದ ಮೇಷ್ಟ್ರನ್ನು ಅವಸರದಲ್ಲಿ ನೋಡದೆ.

ನನ್ನ ಹಳೇ ಫೋಟೊ ತಮ್ಮನ ತಲೆಗೆ ತಪ್ಪು ಕಟ್ಟಿತ್ತು. ಅದೇ ತಪ್ಪನ್ನು ಮೇಡಂ ಕೈಯಿಂದ ತೊಳೆದೂ ಬಿಟ್ಟಿತ್ತು. ನಾನು ನಿಜ ಹೇಳಿದರೆ ಅವನು ಮನೆಗೆ ಬರಬಹುದು. ಆದರೆ ಆ ನಿಜ ಹೋಗಿ ಕೂರುವುದು ಅವನ ಅಕ್ಕನ ಎದೆಯ ಮೇಲೆ.

ಹೇಳದೆ ಇರಲು ಎರಡು ದಿನ ಪ್ರಯತ್ನಪಟ್ಟೆ. ಭಾನುವಾರ ಹೋದೆ.

ಮೇಡಂ ಗೋಡೆಗೆ ಫೋಟೊ ತೂಗುಹಾಕಿದ್ದರು. ಅದೇ ಫೋಟೊ, ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ. “ಕೊನೇದು” ಅಂದರು. “ಎಷ್ಟು ಖುಷಿಯಾಗಿದಾನೆ ನೋಡಿ. ಇದೊಂದು ಇಲ್ದಿದ್ರೆ ನನಗೆ ಹುಚ್ಚೇ ಹಿಡೀತಿತ್ತು ಅಕ್ಕಾ.”

ನಾನು ಕೂರಲಿಲ್ಲ. ಕೂತರೆ ಹೇಳಲಾಗುವುದಿಲ್ಲ ಅಂತ ಗೊತ್ತಿತ್ತು.

“ಮೇಡಂ, ಅವತ್ತು ನಾನು ಬರ್ಲಿಲ್ಲ. ಎರಡು ಮಹಡಿ ಹತ್ತಿ ವಾಪಸ್ ಹೋದೆ. ಅದು ಮೂರು ವಾರದ ಹಿಂದಿನ ಫೋಟೊ. ನಿಮ್ಮ ತಮ್ಮನ ತಪ್ಪಿಲ್ಲ. ಬಂದಿದ್ರೆ ಬಾಗಿಲು ತೆಗೀತಿದ್ದೆ. ತಪ್ಪು ನಂದು.”

ಬೆಳಗಿನ ಮಾತು ನಾನು ಎತ್ತಲಿಲ್ಲ. ಎತ್ತುವ ಅಗತ್ಯ ಬೀಳಲಿಲ್ಲ. ಅವರು ರಕ್ತದ ಹನಿಯಲ್ಲಿ ರೋಗ ಹುಡುಕುವವರು. ಒಂದು ಹತ್ತರ ಆ ಫೋಟೊವನ್ನು ಲೆಕ್ಕದಿಂದ ತೆಗೆದುಬಿಟ್ಟರೆ ಏನು ಉಳಿಯುತ್ತದೆ ಅಂತ ಅವರಿಗೆ ನನಗಿಂತ ಬೇಗ ಹೊಳೆಯಿತು. ಮುಖದ ಮೇಲೆ ಅದು ಬಂದು ಹೋದದ್ದನ್ನು ನಾನು ನೋಡಿದೆ. ಅಡುಗೆಮನೆ ಕಡೆ ಒಮ್ಮೆ ನೋಡಿದರು. ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡರು.

“ನಾನು ಬಾಗಿಲು ಬಿಡುವಾಗ ಅವನು ಮಂಚದ ಕೆಳಗಿದ್ದ” ಅಂದರು.

“ನೋಡಿದ್ರಾ ಮೇಡಂ?”

“ದಿನಾ ಅಲ್ಲೇ ಇರ್ತಾನೆ.”

“ಅವತ್ತು ನೋಡಿದ್ರಾ?”

ಅವರು ಗೋಡೆಯ ಫೋಟೊದ ಕಟ್ಟನ್ನು ನೇರ ಮಾಡಿದರು. ಆಮೇಲೆ ಅವರು ಮೆತ್ತಗೆ, ರೋಗಿಗೆ ಸಮಾಧಾನ ಹೇಳುವ ದನಿಯಲ್ಲಿ ಹೇಳಿದರು. “ನೀವು ಬಂದಿದ್ರಿ ಅಕ್ಕಾ. ಸಂಕಟಕ್ಕೆ ನಿಮಗೆ ಏನೇನೋ ಅನ್ನಿಸ್ತಿದೆ. ನನ್ನ ತಮ್ಮನ ಮೇಲೆ ಪಾಪ ಅಂತ ಅನ್ನಿಸಿ ಹೀಗೆ ಹೇಳ್ತಿದೀರಿ. ಫೋಟೊ ಇದೆಯಲ್ಲ. ಒಂದು ಹತ್ತು ಅಂತ ಇದೆಯಲ್ಲ.” ಬಾಗಿಲವರೆಗೂ ಬಂದು ಕಳಿಸಿಕೊಟ್ಟರು. “ಆ ಬಟ್ಟೆ ಒಗೆದಿಟ್ಟಿದೀರಾ?”

“ಇಲ್ಲ.”

“ಬೇಗ ಒಗೆದುಬಿಡಿ” ಅಂದರು.

ಸೋಮವಾರ ಎರಡು ಮನೆ ಮುಗಿಸಿ, ಹನ್ನೆರಡಕ್ಕೆ ಬಟ್ಟೆಯನ್ನು ಚೀಲದಲ್ಲಿಟ್ಟುಕೊಂಡು ಪೆಟ್ರೋಲ್ ಬಂಕಿಗೆ ಹೋದೆ. ಟೈರಿಗೆ ಗಾಳಿ ತುಂಬುವವನು ನನ್ನನ್ನು ಮೇಲಿಂದ ಕೆಳಗೆ ನೋಡಿ, “ನೀವೇನಾಗ್ಬೇಕು?” ಅಂದ.

“ಅಕ್ಕ” ಅಂದೆ. ಬಾಯಿಗೆ ಅದೇ ಬಂತು.

“ಗುರುವಾರದಿಂದ ಬಂದಿಲ್ಲ. ಬಸ್ ಸ್ಟಾಪಿನ ಹತ್ರ ನೋಡಿ. ಆದ್ರೆ ಮಾತಾಡೋ ಸ್ಥಿತಿಯಲ್ಲಿ ಇರಲ್ಲ ಅಕ್ಕಾ, ಬೇಜಾರ್ ಮಾಡ್ಕೋಬೇಡಿ.”

ಅರ್ಧ ತಗಡು ಹಾರಿಹೋದ ಬಸ್ ಸ್ಟಾಪು. ಕಲ್ಲಿನ ಬೆಂಚಿನ ಮೇಲೆ ಕೂತಿದ್ದ, ಬ್ಯಾಗು ಕಾಲ ಸಂದಿಯಲ್ಲಿ. ಅದೇ ಬಂಕಿನ ಸಮವಸ್ತ್ರ. ಹತ್ತಿರ ಹೋಗುವ ಮೊದಲೇ ವಾಸನೆ ಬಂತು. ಕುಡಿತ ಬಿಟ್ಟ ಹತ್ತು ತಿಂಗಳು ನಾಲ್ಕೇ ದಿನದಲ್ಲಿ ಮುಗಿದಿತ್ತು.

“ಓಹೋ, ಬೀಗದಕೈ ಅಕ್ಕಾವ್ರು!” ಅಂದ. ಕೊರಳು ತಡವಿ ನೋಡಿಕೊಂಡ. “ತೂಕಕ್ಕೆ ಹಾಕೋಕೆ ನನ್ಹತ್ರ ಏನೂ ಇಲ್ಲ ಈಗ.”

“ತಮ್ಮಾ, ಕೇಳಿಲ್ಲಿ. ನೀನಲ್ಲ. ನೀನು ಬಾಲ್ಕನಿಗೇ ಹೋಗಿಲ್ಲ. ಅವತ್ತು ನಾನು ಬರ್ಲೇ ಇಲ್ಲ. ಹಳೇ ಫೋಟೊ ಕಳ್ಸಿದ್ದೆ.”

ಅವನು ತಲೆಯಾಡಿಸಿದ. “ಇಲ್ಲ ಅಕ್ಕಾವ್ರೇ. ನನಗೆ ಎಲ್ಲ ನೆನಪಾಯ್ತು. ಬಾಗಿಲು ತೆಗ್ದೆ, ಬೆಂಕಿಪೊಟ್ಟಣ ಗೀಚ್ದೆ, ಮೇಷ್ಟ್ರು ಬಂದು ಕಾಲಿಗೆ ಮೂಗು ಒರೆಸಿದ್ರು. ಕಣ್ಣಿಗೆ ಕಟ್ಟಿದ ಹಾಗಿದೆ.”

ನಾಲ್ಕು ದಿನದಲ್ಲಿ ಇಲ್ಲದ್ದನ್ನೆಲ್ಲ ನೆನಪು ಮಾಡಿಕೊಂಡು ಕೂತಿದ್ದ. ನಾನು ಚೀಲದಿಂದ ಬಟ್ಟೆ ತೆಗೆದು ಬೆಂಚಿನ ಮೇಲೆ ಹರಡಿದೆ. ಅವನ ಕೈ ಹಿಡಿದು ಮೇಷ್ಟ್ರ ಅಚ್ಚಿನ ಮೇಲೆ ಇಟ್ಟೆ. “ಕೀಳು. ಕೂದಲು ಬರುತ್ತಾ ನೋಡು.” ಬರಲಿಲ್ಲ. ಒದ್ದೆ ಬಟ್ಟೆಯ ವಿಷಯ, ಹತ್ತು ಗಂಟೆಯ ವಿಷಯ, ಎಲ್ಲ ಹೇಳಿದೆ. ಮಗ್ಗಿ ಹೇಳಿಕೊಡುವ ಹಾಗೆ ಎರಡೆರಡು ಸಲ ಹೇಳಿದೆ. ಕುಡಿದವನಿಗೆ ಅರ್ಥವಾಗುವುದಿಲ್ಲ ಅಂದುಕೊಂಡಿದ್ದೆ. ಅವನ ಬೆರಳು ಬಟ್ಟೆಯ ಮೇಲೆ ನಿಂತೇ ಹೋಯಿತು.

“ಬೆಳಗ್ಗೇನೇ” ಅಂದ.

“ಹೂಂ.”

“ಬೆಳಗ್ಗೆ ಮನೇಲಿ ಇದ್ದೋಳು ಅಕ್ಕ.”

ನಾನು ಬಟ್ಟೆಯ ಮಡಿಕೆ ಬಿಡಿಸಿದೆ.

“ಅವಳಿಗೆ ಗೊತ್ತಾ?”

“ಗೊತ್ತು. ಫೋಟೊ ಇದೆ ಅಂದ್ರು.”

ಅವನು ನಕ್ಕ. ಆ ನಗು ಕೆಮ್ಮಾಯಿತು, ಕೆಮ್ಮು ಅಳುವಾಯಿತು, ಅಳುವೂ ನಿಂತಿತು. ಎದುರಿಗೆ ಬಸ್ ಬಂದು ಇಬ್ಬರನ್ನು ಇಳಿಸಿ ಹೋಯಿತು.

“ಮನೆಗೆ ನಡಿ ತಮ್ಮಾ. ನಾನೂ ಬರ್ತೀನಿ. ಇನ್ನೊಂದು ಸಲ ಹೇಳೋಣ.”

“ಹೋಗಿ ಏನಂತ ಹೇಳ್ಲಿ ಅಕ್ಕಾವ್ರೇ? ‘ನಾನಲ್ಲ ಅಕ್ಕಾ, ನೀನೇ’ ಅಂತಾನಾ?” ಮಾತು ತೊದಲುತ್ತಿರಲಿಲ್ಲ. “ಅವಳಿಗೆ ಇದ್ದದ್ದು ಮೇಷ್ಟ್ರು ಒಬ್ರೇ. ನಾನು ಸಾವಿರ ಮಾಡಿದೀನಿ, ಅದರ ಜೊತೆ ಇದೂ ಒಂದು ಇರ್ಲಿ. ತಪ್ಪು ಅವಳದ್ದೇ ಅಂತಾದ್ರೆ ಅದನ್ನ ಎದೇಲಿಟ್ಕೊಂಡು ಆ ಬಾಗಿಲು ದಿನಾ ತೆಗೀಬೇಕು, ದಿನಾ ಹಾಕ್ಬೇಕು.”

“ಹಾಗಾದ್ರೆ ನೀನು?”

ಅವನು ಬ್ಯಾಗನ್ನು ತಲೆದಿಂಬು ಮಾಡಿಕೊಂಡು ಆ ಬಟ್ಟೆಯ ಮೇಲೆಯೇ ಮಲಗಿದ, ಮೇಷ್ಟ್ರ ಅಚ್ಚಿನ ಮೇಲೆಯೇ, ಮಂಡಿ ಮಡಚಿ. “ಇದು ನನ್ಹತ್ರಾನೇ ಇರುತ್ತೆ. ಒಗೆಯುವಾಗ ಹರಿದು ಹೋಯ್ತು ಅಂತ ಹೇಳ್ಬಿಡಿ ಅವಳಿಗೆ. ಸುಳ್ಳು ನಿಮಗೆ ಹೊಸದಲ್ವಲ್ಲ.” ತಮಾಷೆಗೇ ಅಂದದ್ದು. ಕಣ್ಣು ಮುಚ್ಚಿದ.

ಮಾಡಿನ ತಗಡಿಲ್ಲದ ಕಡೆಯಿಂದ ಬಿಸಿಲು ನೇರ ಬೆಂಚಿನ ಮೇಲೆ ಬೀಳಲು ಶುರುವಾಗಿತ್ತು. ಮೊದಲು ಅವನ ಪಾದ, ಆಮೇಲೆ ಮೊಣಕಾಲು. “ಎದ್ದೇಳು ತಮ್ಮಾ, ನೆರಳಿಗೆ ಬಾ” ಅಂದೆ. ಅಲ್ಲಾಡಿಸಿದೆ. ಎಳೆದೆ. ಕುಡಿದ ಮನುಷ್ಯ ಕಲ್ಲಿನ ಹಾಗೆ ಭಾರ. ನನ್ನ ಸೀರೆಯ ಸೆರಗನ್ನು ಅಗಲ ಮಾಡಿ ಹಿಡಿದು ಅವನ ತಲೆಗೂ ಬಿಸಿಲಿಗೂ ನಡುವೆ ನಿಂತೆ.

ಆಗ ಫೋನಿನಲ್ಲಿ ಒಂದು ಗಂಟೆಯ ಅಲಾರಂ ಹೊಡೆಯಿತು. ಉಳಿದ ಆರರಲ್ಲಿ ಇನ್ನೂ ನಾಲ್ಕು ಮನೆ ಬಾಕಿ. ನಾಲ್ಕು ಬಾಗಿಲ ಹಿಂದೆ ನಾಲ್ಕು ಮೂಗುಗಳು ನನ್ನ ಬೀಗದ ಕೈ ಸದ್ದಿಗೆ ಕಾಯುತ್ತಿವೆ. ಇವನನ್ನು ಬಿಟ್ಟು ಹೋಗಲೂ ಆಗದು. ಸೆರಗನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಲ್ಲಿ ನಾಲ್ಕು ಮನೆಗೂ ಒಂದೇ ಮಾತು ಬರೆದು ಕಳಿಸಿದೆ: ‘ಇವತ್ತು ನಾನು ಹೋಗಿಲ್ಲ. ನಿಮ್ಮಲ್ಲಿ ಯಾರಾದರೂ ಮನೆಗೆ ಹೋಗಿ ನೋಡಿ. ಹಿಂದೆಯೂ ಕೆಲವು ದಿನ ಹೋಗದೆ ಹಳೇ ಫೋಟೊ ಕಳಿಸಿದ್ದೇನೆ. ನಾಳೆ ಬೀಗದ ಕೈ ವಾಪಸ್ ಕೊಡುತ್ತೇನೆ.’

ಮೂರು ಮನೆಯಿಂದ ಫೋನು ಒಂದರ ಹಿಂದೆ ಒಂದು ಹೊಡೆಯತೊಡಗಿತು. ನಾನು ಎತ್ತಲಿಲ್ಲ. ನಾಲ್ಕನೆಯ ಮನೆಯವರು, ಯಾವುದೋ ಮೀಟಿಂಗಿನ ನಡುವೆ ಇದ್ದವರಿರಬೇಕು, ಪೂರ್ತಿ ಓದದೆ ಉತ್ತರ ಬರೆದಿದ್ದರು.

‘ಪರವಾಗಿಲ್ಲ ಅಕ್ಕಾ. ಹಳೇದೇ ಒಂದು ಕಳ್ಸಿ. ನೋಡಿದ್ರೆ ಸಮಾಧಾನ.’

ಬಿಸಿಲು ಅವನ ಹೊಟ್ಟೆಯವರೆಗೆ ಬಂದಿತ್ತು. ನಾನು ಇನ್ನೊಂದು ಹೆಜ್ಜೆ ಸರಿದು ನಿಂತೆ.